ಸೂಜಿ ಸಿಗುತ್ತೆ, ಮಾರ್ಫಿನ್ ಸಿಗಲ್ಲ

ಬೆಳಿಗ್ಗೆ ಏಳೂವರೆಗೆ ನಮ್ಮೂರ ಬಸ್‌ಸ್ಟ್ಯಾಂಡಿನ ಮೆಡಿಕಲ್ ಶಾಪಿನ ಮುಂದೆ ನಿಂತು ನೋಡಿ. ಕೂಲಿಗೆ ಹೊರಟ ಹೆಂಗಸರು, ಗಾರೆ ಕೆಲಸದವರು, ಕಾಯಿ ಕೀಳುವವರು ಬರುತ್ತಾರೆ. "ಅಣ್ಣಾ, ಮೈಕೈ ನೋವಿಗೆ ಎರಡು ಡೋಸ್ ಕೊಡು" ಅಂತಾರೆ. ಚೀಟಿ ಕೇಳುವವರಿಲ್ಲ, ತರುವವರೂ ಇಲ್ಲ. ಬಿಳಿಯದೊಂದು, ಹಳದಿಯದೊಂದು, ಪುಟಾಣಿಯದೊಂದು ಮಾತ್ರೆ ಕಾಗದದ ಪೊಟ್ಟಣಕ್ಕೆ ಬೀಳುತ್ತವೆ. ತಗೊಂಡವರಿಗೆ ಒಂದರ ಹೆಸರೂ ಗೊತ್ತಿಲ್ಲ.

ನಾವು ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದವರು, ಡಾಕ್ಟರುಗಳಲ್ಲ. ಆದರೆ ಆ ಪುಟಾಣಿ ಮಾತ್ರೆ ಏನು ಅಂತ ಕೇಳೋಕೆ ಡಾಕ್ಟರೇ ಆಗಬೇಕಿಲ್ಲವಲ್ಲ. ಕೇಳಿದೆವು. ಅಂಗಡಿಯ ಹುಡುಗ ಮುಚ್ಚಿಡಲಿಲ್ಲ. "ಡೆಕ್ಸಾ ಅಣ್ಣಾ. ಅದು ಹಾಕದಿದ್ರೆ ನಿನ್ನೆ ಕೊಟ್ಟಿದ್ದು ಕೆಲಸ ಮಾಡ್ಲಿಲ್ಲ ಅಂತ ಬೈತಾರೆ" ಅಂದ.

ಡೆಕ್ಸಾ ಅಂದರೆ ಡೆಕ್ಸಾಮೆಥಾಸೋನ್, ಒಂದು ಸ್ಟೀರಾಯ್ಡ್. ಒಳ್ಳೆಯ ಔಷಧಿಯೇ. ಕೊರೋನಾದಲ್ಲಿ ಆಮ್ಲಜನಕ ಬೇಕಾದ ರೋಗಿಗಳಲ್ಲಿ ಎಷ್ಟೋ ಜನರ ಜೀವ ಉಳಿಸಿತು. ಆದರೆ ಡಾಕ್ಟರ ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತೆ, ಬಿಪಿ ಏರುತ್ತೆ, ಮೂಳೆ ಟೊಳ್ಳಾಗುತ್ತೆ. ಮುಖ ಊದಿ ದುಂಡಗಾಗುತ್ತೆ. ಅದನ್ನು ನೋಡಿ ಊರಿನವರು "ಈಗ ಮೈ ತುಂಬ್ಕೊಂಡಿದ್ದಾಳೆ, ಚೆನ್ನಾಗಿದ್ದಾಳೆ" ಅನ್ನುತ್ತಾರೆ! ಇನ್ನೊಂದು ಮಾತು ಗಮನವಿಟ್ಟು ಓದಿ: ಬಹಳ ದಿನ ತಗೊಂಡವರು ಇದನ್ನು ಒಮ್ಮೆಲೇ ಬಿಡಲೂಬಾರದು. ದೇಹ ತನ್ನದೇ ಸ್ಟೀರಾಯ್ಡ್ ಮಾಡೋದನ್ನು ನಿಲ್ಲಿಸಿರುತ್ತೆ, ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಡಾಕ್ಟರಿಗೆ ತೋರಿಸಿ ನಿಧಾನಕ್ಕೆ ಇಳಿಸಬೇಕು. ಹೆಸರೇ ಗೊತ್ತಿಲ್ಲದ ಮಾತ್ರೆಯನ್ನು ಏನಂತ ಹೇಳಿ ತೋರಿಸೋದು?

ಇನ್ನು ಸೂಜಿಯ ಕಥೆ. ಸೂಜಿ ಚುಚ್ಚದವನು ಡಾಕ್ಟರೇ ಅಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಮ್ಮ ಅಪ್ಪ ಅಮ್ಮಂದಿರೂ ಇದಕ್ಕೆ ಹೊರತಲ್ಲ, ಸುಳ್ಳು ಹೇಳೋದ್ಯಾಕೆ. ಮಂಡಿ ನೋವಿಗೆ, ಸೊಂಟ ನೋವಿಗೆ ಬೀಳುವ ಸೂಜಿ ಬಹಳ ಸಲ ಡೈಕ್ಲೋಫೆನಾಕ್. ಅದರ ಜೊತೆ ನಮಗೊಂದು ಹಳೇ ಸಂಬಂಧ ಇದೆ. ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮ. ದೇಶದಲ್ಲಿ ರಣಹದ್ದುಗಳು ಹೆಚ್ಚುಕಡಿಮೆ ನಿರ್ನಾಮ ಆಗಿದ್ದಕ್ಕೆ ಮುಖ್ಯ ಕಾರಣ ಇದೇ ಔಷಧಿ. ದನಗಳಿಗೆ ಕೊಟ್ಟರು, ಸತ್ತ ದನ ತಿಂದ ಹದ್ದುಗಳ ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಕೊಡೋದನ್ನು ಸರ್ಕಾರ ನಿಷೇಧಿಸಿತು. ಮನುಷ್ಯರ ದೊಡ್ಡ ಬಾಟಲಿಯನ್ನೇ ದನಕ್ಕೆ ಬಳಸುತ್ತಿದ್ದರು ಅಂತ 2015ರಲ್ಲಿ ಸೂಜಿಮದ್ದನ್ನು 3 ಮಿಲಿಯ ಒಂಟಿ ಡೋಸಿಗೆ ಇಳಿಸಿತು. ಮನುಷ್ಯನ ಕಿಡ್ನಿ ಹದ್ದಿನ ಕಿಡ್ನಿಯಷ್ಟು ನಾಜೂಕಲ್ಲ, ನಿಜ. ಆದರೆ ಬಿಸಿಲಲ್ಲಿ ಬೆವರು ಸುರಿಸಿ, ನೀರು ಕಮ್ಮಿ ಕುಡಿದು, ಜೊತೆಗೆ ಸಕ್ಕರೆ ಬಿಪಿ ಇಟ್ಟುಕೊಂಡವರು ವರ್ಷಗಟ್ಟಲೆ ಇಂಥ ನೋವಿನ ಮಾತ್ರೆ, ಸೂಜಿ ತಗೊಂಡರೆ ಕಿಡ್ನಿ ಸೋಲುತ್ತೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತೆ. ಕುಂಡಿಗೆ ತಪ್ಪು ಜಾಗದಲ್ಲಿ ಚುಚ್ಚಿ ನರಕ್ಕೆ ಏಟಾದರೆ ಪಾದ ಎತ್ತೋಕಾಗದೆ ಕಾಲೆಳೆದು ನಡೆಯೋ ಹಾಗಾಗುತ್ತೆ.

ತಪ್ಪು ಕೂಲಿಯವರದ್ದು ಅಂತ ನಾವು ಹೇಳಲ್ಲ. ಒಂದು ದಿನ ಮಲಗಿದರೆ ಆ ದಿನದ ಕೂಲಿ ಹೋಯಿತು. ಸಂಘದ ಕಂತು ಯಾರು ಕಟ್ಟುತ್ತಾರೆ? ಮಾತ್ರೆ ನೋವು ವಾಸಿ ಮಾಡ್ತಿಲ್ಲ, ನಾಳೆಯ ಕೆಲಸಕ್ಕೆ ಮೈಯನ್ನು ಎಬ್ಬಿಸಿ ನಿಲ್ಲಿಸುತ್ತಿದೆ ಅಷ್ಟೇ. ನಮ್ಮ ಸಿಟ್ಟು ಇದನ್ನು ವ್ಯಾಪಾರ ಮಾಡಿಕೊಂಡವರ ಮೇಲೆ. ನೋಡಿಯೂ ನೋಡದ ಔಷಧ ಇಲಾಖೆಯ ಮೇಲೆ.

ಈಗ ಇನ್ನೊಂದು ಬದಿ ನೋಡಿ.

ನಮ್ಮ ಬಳಗದ ಒಬ್ಬನ ದೊಡ್ಡಮ್ಮನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಎಲೆಅಡಿಕೆ, ಹೊಗೆಸೊಪ್ಪು, ಮೂವತ್ತು ವರ್ಷದ ಅಭ್ಯಾಸ. ದೊಡ್ಡಾಸ್ಪತ್ರೆಯವರು ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದರು. ಆ ಮೇಲಿನ ಎರಡು ತಿಂಗಳು ಅವರು ಮಲಗಲಿಲ್ಲ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಮುಲುಗುತ್ತಿದ್ದರು. ತಾಲ್ಲೂಕಿನಲ್ಲಿ ಸಿಕ್ಕಿದ್ದು ಪ್ಯಾರಾಸಿಟಮಾಲ್ ಮತ್ತು ಅದೇ ಡೈಕ್ಲೋಫೆನಾಕ್. ಮಾರ್ಫಿನ್ ಅನ್ನೋ ಹೆಸರನ್ನು ನಮಗ್ಯಾರೂ ಹೇಳಲಿಲ್ಲ. ನಾವೇ ಆಮೇಲೆ ಓದಿ ತಿಳಿದು ಕೇಳಿದಾಗ ಒಬ್ಬ ಡಾಕ್ಟರು, "ಅದೆಲ್ಲ ಇಡಲ್ಲಪ್ಪ, ಪೊಲೀಸ್ ಕೇಸು ಗೀಸು ಯಾಕೆ" ಅಂದರು.

ಕ್ಯಾನ್ಸರಿನ ಕಡುನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಿಂದಲೇ ಹೇಳುತ್ತಿರುವ ಔಷಧಿ ಮಾರ್ಫಿನ್. ಬಾಯಿಂದ ನುಂಗುವ ಮಾತ್ರೆ, ದುಬಾರಿಯೂ ಅಲ್ಲ. ಅದರ ಮೂಲ ಅಫೀಮು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರ್ಕಾರದ ಲೈಸೆನ್ಸ್ ಪಡೆದ ರೈತರು ಬೆಳೆಯುತ್ತಾರೆ. ಹೊರದೇಶಕ್ಕೂ ಕಳಿಸಿದ್ದೇವೆ. ನಮ್ಮ ದೊಡ್ಡಮ್ಮನಿಗೆ ಮಾತ್ರ ಇಲ್ಲ.

ಕಾರಣ ಕಾನೂನು. 1985ರ ಮಾದಕ ವಸ್ತು ಕಾಯ್ದೆ ಬಂದಾಗ ಶಿಕ್ಷೆ ಎಷ್ಟು ಕಠಿಣ, ಲೈಸೆನ್ಸುಗಳು ಎಷ್ಟು ಅಂದರೆ ಆಸ್ಪತ್ರೆಗಳು ಮಾರ್ಫಿನ್ ಸಹವಾಸವೇ ಬೇಡ ಅಂದವು. ಮಾರ್ಫಿನ್ ನೋಡದೆಯೇ ಒಂದು ತಲೆಮಾರಿನ ಡಾಕ್ಟರುಗಳು ಓದು ಮುಗಿಸಿದರು. 2014ರಲ್ಲಿ ಸಂಸತ್ತು ತಿದ್ದುಪಡಿ ತಂದು ಹಲವು ಲೈಸೆನ್ಸುಗಳ ಕಾಟ ತಪ್ಪಿಸಿತು. ಈಗ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಇದ್ದರೆ ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಬಹುದು. ಅಂದರೆ "ಪೊಲೀಸ್ ಕೇಸು" ಅನ್ನೋದು ಈಗ ನೆಪ. ಪಕ್ಕದ ಕೇರಳ ನೋಡಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರು ಶುರುಮಾಡಿದ ಕೆಲಸ ಪಂಚಾಯಿತಿ ಮಟ್ಟಕ್ಕೆ ಇಳಿಯಿತು. ನರ್ಸ್ ಮನೆಗೇ ಬಂದು ನೋವು ನೋಡುತ್ತಾರೆ. ನಮ್ಮಲ್ಲಿ ಕಿದ್ವಾಯಿ ಇದೆ, ಕರುಣಾಶ್ರಯ ಇದೆ. ಎರಡೂ ಬೆಂಗಳೂರಿನಲ್ಲಿ.

"ಮಾರ್ಫಿನ್ ಕೊಟ್ಟರೆ ಚಟ ಹತ್ತಲ್ವಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಕ್ಯಾನ್ಸರ್ ನೋವಿಗೆ ಡಾಕ್ಟರು ಅಳತೆ ಮಾಡಿ, ನಿಗಾ ಇಟ್ಟು ಕೊಟ್ಟಾಗ ಚಟ ಹತ್ತೋದು ಅಪರೂಪ. ಮಲಬದ್ಧತೆ ಆಗುತ್ತೆ, ಅದಕ್ಕೂ ಮದ್ದಿದೆ. ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಕಂಪನಿಗಳು ಮಾರಾಟದ ಆಸೆಗೆ ಸಾಮಾನ್ಯ ನೋವಿಗೂ ಈ ಜಾತಿಯ ಮಾತ್ರೆ ಬರೆಸಿ ಲಕ್ಷಾಂತರ ಜನ ಹಾಳಾದರು.

ತಮಾಷೆ ಅಂದರೆ ಅಮಲಿನ ಮಾತ್ರೆ ನಮ್ಮ ಹುಡುಗರಿಗೆ ಈಗಲೂ ಸಿಗುತ್ತಿದೆ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತು ಕಾಯ್ದೆಯೊಳಗೆ ತಂದರು, ಕೆಲವರು ಟಪೆಂಟಡಾಲ್ ಕಡೆ ತಿರುಗಿದರು. ಹತ್ತು ಹುಡುಗರು ಒಂದೇ ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಕೂಡ ಹಂಚಿಕೆ ಆಗುತ್ತೆ. ಅಂಥ ಹುಡುಗ ನಿಮ್ಮ ಮನೆಯಲ್ಲಿದ್ದರೆ ಹೊಡೆದು ಕೂಡಿಹಾಕಬೇಡಿ. ಅವನಿಗಿರೋದು ಕಾಯಿಲೆ. 14446ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ ಮಾರಿದರೆ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟರು ಅಂತ ಬರೆದು ಮೂರು ವರ್ಷ ಇಡಬೇಕು. 2014ರಿಂದ ಈ ನಿಯಮ ಇದೆ. ನಮ್ಮ ತಾಲ್ಲೂಕಿನಲ್ಲಿ ಈ ರಿಜಿಸ್ಟರುಗಳನ್ನು ಕೊನೆಯ ಸಲ ಯಾವಾಗ ತಪಾಸಣೆ ಮಾಡಿದ್ರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ ಅರ್ಜಿ ಬರೆದಿದ್ದೇವೆ. ಎರಡನೇ ಅರ್ಜಿ ತಾಲ್ಲೂಕು ಆಸ್ಪತ್ರೆಗೆ: ಮಾರ್ಫಿನ್ ಇಡೋಕೆ ಮಾನ್ಯತೆ ಕೇಳಿದ್ದೀರಾ, ಇಲ್ಲದಿದ್ದರೆ ಯಾಕಿಲ್ಲ? ಸೋಮವಾರ ಎರಡನ್ನೂ ಪೋಸ್ಟ್ ಮಾಡುತ್ತೇವೆ. ಉತ್ತರ ಏನು ಬಂದರೂ ಇಲ್ಲೇ ಹಾಕುತ್ತೇವೆ.

ಅಲ್ಲಿಯವರೆಗೆ ನೀವು ಪೊಟ್ಟಣ ಇಸ್ಕೊಳ್ಳಬೇಡಿ. ಹೆಸರಿರೋ ಸ್ಟ್ರಿಪ್ ಕೇಳಿ, ಬಿಲ್ ಕೇಳಿ. ಕೊಡಲ್ಲ ಅಂದರೆ ಯಾವ ಊರು, ಯಾವ ದಿನ ಅಂತ ನಮಗೆ ಬರೆದು ಕಳಿಸಿ. ನಿಮ್ಮ ಹೆಸರು ಹೊರಗೆ ಬಿಡಲ್ಲ.