ರೇಷ್ಮೆಗೂಡಿನೊಳಗಣ ಮಹಾಯುದ್ಧ

ಎರಡನೆಯ ಮಹಾಯುದ್ಧದ ಕಾಲದ ಮೈಸೂರು ಸಂಸ್ಥಾನವನ್ನು ಕುರಿತು ಬರೆಯುವವರ ಲೇಖನಿಯು ಬೆಂಗಳೂರಿನ ವಿಮಾನ ಕಾರ್ಖಾನೆಯ ಹೆಬ್ಬಾಗಿಲಿನಲ್ಲಿಯೇ ನಿಂತುಬಿಡುವುದು ವಾಡಿಕೆ. ಅದು ಅಕಾರಣವೂ ಅಲ್ಲ: 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಸಂಸ್ಥಾನದ ಸಹಯೋಗದೊಡನೆ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು 1943ರ ವೇಳೆಗೆ ಅಮೆರಿಕದ ಸೇನಾ ವಿಮಾನಗಳನ್ನು ದುರಸ್ತಿಮಾಡುವ ಮಹಾಕೇಂದ್ರವಾಗಿ ಮಾರ್ಪಟ್ಟ ಕಥೆ ಯಾರ ಕಣ್ಣನ್ನಾದರೂ ಸೆಳೆಯತಕ್ಕದ್ದೇ. ಆದರೆ ವಿಮಾನದಿಂದ ಕೆಳಕ್ಕೆ ಧುಮುಕಿದವನ ಪ್ರಾಣವನ್ನು ಹಿಡಿದು ನಿಲ್ಲಿಸುವ ಪ್ಯಾರಾಚೂಟಿನ ಬಟ್ಟೆಗೆ ನೂಲೆಲ್ಲಿಯದೆಂದು ಕೇಳಿದೊಡನೆ, ದಾರಿಯು ಕಾರ್ಖಾನೆಯನ್ನು ಬಿಟ್ಟು ತೆಂಕಣಕ್ಕೆ ತಿರುಗಿ, ಅಂದು ಕಾನಕಾನಹಳ್ಳಿಯೆನಿಸಿದ್ದ ಕನಕಪುರವನ್ನು ದಾಟಿ, ಕಾವೇರಿಯ ಕಾಡಿಗೆ ಸಮೀಪವಾದ ಕೋಡಿಹಳ್ಳಿಯಂಥ ಊರುಗಳ ಹುಳುಮನೆಗಳವರೆಗೆ ಸಾಗುತ್ತದೆ.

ಯುದ್ಧಕ್ಕೆ ಮುಂಚಿನ ದಶಕದಲ್ಲಿ ಈ ಸೀಮೆಯ ರೇಷ್ಮೆಗೆ ಜಪಾನೇ ಕಂಟಕವಾಗಿತ್ತು. ಅಗ್ಗದ ಜಪಾನೀ ನೂಲಿನ ಪ್ರವಾಹವನ್ನು ತಡೆಯಲು 1934ರಲ್ಲಿ ಭಾರತ ಸರ್ಕಾರವು ರಕ್ಷಣಾ ಸುಂಕವನ್ನು ವಿಧಿಸಬೇಕಾಯಿತು. ಅಷ್ಟರಿಂದಲೇ ರೈತನ ಬವಣೆ ನೀಗಲಿಲ್ಲ. ಸುಂಕದ ಕಟ್ಟೆಯಿಂದ ಆಗದುದನ್ನು 1941ರ ಡಿಸೆಂಬರ್ ಒಂದೇ ಏಟಿಗೆ ಮಾಡಿತು: ಜಪಾನು ಶತ್ರುರಾಷ್ಟ್ರವಾಯಿತು, ಅದರ ನೂಲಿಗೆ ಬಾಗಿಲು ಮುಚ್ಚಿತು. ಸುಮಾರು 28 ಅಡಿ ವ್ಯಾಸದ ಪ್ಯಾರಾಚೂಟಿನ ಕೊಡೆಗೆ ನವಿರಾದ, ಗಂಟಿಲ್ಲದ, ಮೊದಲಿನಿಂದ ಕೊನೆಯವರೆಗೂ ಸಮನಾದ ಎಳೆ ಬೇಕು. ಅದನ್ನೀಯಬಲ್ಲ ನೆಲಗಳಲ್ಲಿ ಮೈಸೂರೂ ಒಂದಾಗಿ ಉಳಿಯಿತು.

ಹೀಗೆ ಬಂದ ಬೇಡಿಕೆಯ ಭಾರವನ್ನು ಹೊತ್ತವರು ಯಾರು? ಮೈಸೂರು ತಳಿಯ ಒಂದು ಗೂಡು ಮುನ್ನೂರು ನಾನೂರು ಮೀಟರು ಎಳೆ ಕೊಟ್ಟರೆ ಹೆಚ್ಚು. ಒಂದು ಕಿಲೋ ನೂಲಿಗೆ ಹತ್ತರಿಂದ ಹದಿನೈದು ಕಿಲೋ ಗೂಡನ್ನು ಬಿಸಿನೀರಿನಲ್ಲಿ ಅದ್ದಬೇಕು. ಅದಕ್ಕೂ ಮೊದಲು ಸುಮಾರು ನಾಲ್ಕು ವಾರ ಹುಳುವೇ ಮನೆಯ ಯಜಮಾನ. ನಾಲ್ಕನೆಯ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪನ್ನು ಮೇಯುವಾಗ, ಮನೆಮಂದಿ ತಾವುಂಡು ಮಲಗುವ ಹೊತ್ತನ್ನೂ ಅದರ ಹಸಿವಿಗೆ ಒಪ್ಪಿಸಬೇಕು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡುಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಹಾಕುವ ದಿನವಂತೂ ಕೂಸು ಅತ್ತರೂ ಎತ್ತಿಕೊಳ್ಳುವ ಕೈ ಬಿಡುವಾಗದು. ಈ ಕೆಲಸದಲ್ಲಿ ಬಹುಪಾಲು ಹೆಂಗಸರದು, ಮಕ್ಕಳದು. ಅವರಿಗೆ ಹಾಜರಿಪುಸ್ತಕವಿರಲಿಲ್ಲ, ಕೂಲಿಯ ಚೀಟಿಯಿರಲಿಲ್ಲ. ಆದ್ದರಿಂದಲೇ ಯುದ್ಧೋದ್ಯಮದ ಲೆಕ್ಕದಲ್ಲಿ ಅವರ ಗಣನೆಯೂ ಇಲ್ಲ.

1942ರಲ್ಲಿ ಬರ್ಮಾ ಪತನವಾಗಿ ಅಲ್ಲಿಯ ಅಕ್ಕಿ ನಿಂತ ಬಳಿಕ, ಧಾನ್ಯಕ್ಕೆ ಲೆವಿ, ಬಟ್ಟೆಗೆ ಕಂಟ್ರೋಲು, ಸೀಮೆಎಣ್ಣೆಗೆ ಸಾಲು ಎಂಬಂಥ ದಿನಗಳು ಬಂದುವು. ನಡುರಾತ್ರಿಯಲ್ಲಿ ಹುಳುವಿಗೆ ಸೊಪ್ಪುಹಾಕಲು ದೀಪ ಬೇಕಾದ ಮನೆಗೆ ಸೀಮೆಎಣ್ಣೆಯ ಅಭಾವವೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿಯೇ ಎಳೆದ ವಿದ್ಯುತ್ತಿನ ತಂತಿ ಹಾದುಹೋದದ್ದು ಈ ಕಾನಕಾನಹಳ್ಳಿಯ ಸೀಮೆಯ ಮೇಲೆಯೇ ಎಂಬುದನ್ನು ಮಾತ್ರ ನೆನೆಯಬೇಕು.

ಇನ್ನೊಂದು ವೈಚಿತ್ರ್ಯವುಂಟು. ಪ್ಯಾರಾಚೂಟಿಗೆ ಒಪ್ಪುವ ನೂಲು ನೂಲುಬಿಚ್ಚುವ ಕಾರ್ಖಾನೆಯಾದ ಫಿಲೇಚರಿನಲ್ಲಿ, ಯಂತ್ರದ ಹದದಲ್ಲಿ ಬಿಚ್ಚಿದ ನೂಲು. ಕ್ಲೋಸ್‌ಪೇಟೆ (ಇಂದಿನ ರಾಮನಗರ), ಚನ್ನಪಟ್ಟಣ, ಕನಕಪುರಗಳ ಮನೆಮನೆಯ ಚರಕದ ದಪ್ಪ ನೂಲು ಅದಕ್ಕೆ ಒದಗುವಂತಿರಲಿಲ್ಲ. ಆದರೂ ಚರಕಗಳು ಬಿಡುವಿಲ್ಲದೆ ತಿರುಗಿದುವು. ಏಕೆಂದರೆ ಪರದೇಶದ ನೂಲಿಲ್ಲದೆ ಹಸಿದಿದ್ದ ಸೀರೆಯ ಮಗ್ಗಗಳು ಆ ಒರಟು ಎಳೆಗೂ ಕೈಚಾಚಿದುವು. ನನಗೆ ತೋರುವಂತೆ ಇಲ್ಲಿಯೇ ಆ ಕಾಲದ ಏಳಿಗೆಯ ಒಳಗುಟ್ಟಿದೆ: ನೂಲಿನ ಗುಣ ಹೆಚ್ಚಿದ್ದರಿಂದ ಬೆಲೆ ಹೆಚ್ಚಲಿಲ್ಲ, ಎದುರಾಳಿ ಅಂಗಡಿ ಮುಚ್ಚಿದ್ದರಿಂದ ಹೆಚ್ಚಿತು. ಬೆಂಗಳೂರಿನ ಕಾರ್ಖಾನೆಗೆ ಯುದ್ಧವು ಯಂತ್ರವನ್ನೂ ವಿದ್ಯೆಯನ್ನೂ ಬಿಟ್ಟುಹೋಯಿತು. ಹುಳುಮನೆಗೆ ಬಿಟ್ಟುಹೋದುದು ಬರಿಯ ಬೆಲೆಯನ್ನು, ಅದನ್ನೂ ಕೆಲವೇ ವರ್ಷಗಳ ಮಟ್ಟಿಗೆ.

ಅಷ್ಟರಲ್ಲಿ ನೈಲಾನ್ ಬಂದು ಪ್ಯಾರಾಚೂಟಿನ ಕೆಲಸವನ್ನು ವಹಿಸಿಕೊಂಡಿತ್ತು. ಕದನ ನಿಂತ ಮೇಲೆ ಜಪಾನೀ ನೂಲೂ ಮೆಲ್ಲನೆ ಮರಳಿತು. ಆದರೆ ಹುಳುವಿನ ಮೇವಾದ ಹಿಪ್ಪುನೇರಳೆಯು ರಾಗಿಯಂತೆ ವರ್ಷವರ್ಷವೂ ಬಿತ್ತಿ ಕೊಯ್ಯುವ ಪೈರಲ್ಲ; ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ಹೊಲವನ್ನು ಹಿಡಿದು ನಿಲ್ಲುವಂಥದು. ಯುದ್ಧದ ಬೆಲೆಯನ್ನು ನಂಬಿ 1943ರಲ್ಲಿ ಕಡ್ಡಿ ಊರಿದವನ ತೋಟ, ಆ ಬೆಲೆ ಸತ್ತ ಮೇಲೂ ಚಿಗುರುತ್ತಲೇ ಇದ್ದಿತು. 1948ರ ಶಾಸನದಂತೆ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿದ್ದು ಈ ಯುದ್ಧೋತ್ತರ ಕಳವಳದ ನಡುವೆ.

ಮಂಡಳಿ ಬಂದಿತು, ಮಿಶ್ರತಳಿಗಳು ಹಬ್ಬಿದುವು, ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯದಲ್ಲಿಯೇ ದೊಡ್ಡದೆನಿಸಿತು. ಬೆಲೆಯ ಸೂತ್ರ ಮಾತ್ರ ದೂರದಲ್ಲಿಯೇ ಉಳಿಯಿತು. 2011ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವು ನೂರಕ್ಕೆ 30ರಿಂದ 5ಕ್ಕೆ ಇಳಿದಾಗ, ಜಪಾನಿದ್ದ ಜಾಗದಲ್ಲಿ ಈ ಸಲ ಚೀನವಿತ್ತು. ಬೆಲೆ ಕುಸಿದ ದಿನ ಮಾರುಕಟ್ಟೆಗೆ ಗೂಡು ತಂದವನು, ನಾಳೆ ನೋಡೋಣವೆಂದು ಅದನ್ನು ಕೋಡಿಹಳ್ಳಿಗೆ ಮರಳಿ ಹೊತ್ತೊಯ್ಯಲಾರ. ಕೆಲವೇ ದಿನ ಕಳೆಯುವಷ್ಟರಲ್ಲಿ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ಭೇದಿಸಿಕೊಂಡು ಹೊರಬರುತ್ತದೆ.