ಸ್ಕಾರ್ಫ್ ಕಟ್ಟೋಕೆ ಮಕ್ಕಳು ರೆಡಿ, ಶನಿವಾರ ಕೊಡೋ ದೊಡ್ಡವರೇ ಇಲ್ಲ

ದೊಡ್ಡನೆಕ್ಕುಂದಿ: ಆಗಸ್ಟ್ 15, ಜನವರಿ 26 ಬಂದರೆ ಶಾಲೆಗಳ ಮೈದಾನದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಕಾಣ್ತಾರೆ. ಕೊರಳಲ್ಲಿ ಸ್ಕಾರ್ಫ್, ಸೊಂಟಕ್ಕೆ ಬೆಲ್ಟ್, ಮೂರು ಬೆರಳಿನ ಸೆಲ್ಯೂಟ್. ಅತಿಥಿಗಳ ಜೊತೆ ಫೋಟೊ ಆಗುತ್ತೆ, ಲಾಡು ಹಂಚುತ್ತಾರೆ, ಅಲ್ಲಿಗೆ ಮುಗಿಯಿತು. ಅದರ ಮುಂದಿನ ಶನಿವಾರ ಅದೇ ಮಕ್ಕಳಿಗೆ ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ದಿಕ್ಸೂಚಿ ಹಿಡಿದು ದಾರಿ ಹುಡುಕೋದು ಕಲಿಸೋಕೆ ಯಾರು ಬರ್ತಾರೆ? ಐಟಿ ಪಾರ್ಕು, ಫ್ಯಾಕ್ಟರಿ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ದೊಡ್ಡನೆಕ್ಕುಂದಿ, ಮಹದೇವಪುರ, ಮಾರತ್ತಹಳ್ಳಿ ಭಾಗದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳೋದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಸ್ಕೌಟ್ ಘಟಕ ನಡೆಸುವ ಸ್ವಯಂಸೇವಕರು ಎಲ್ಲಿ ಸೇರಿದರೂ ದೂರುಗಳು ಹೆಚ್ಚೂಕಡಿಮೆ ಒಂದೇ. ದುಡ್ಡಿಲ್ಲ, ಜಾಗ ಇಲ್ಲ, ಪೋಷಕರಿಗೆ ಆಸಕ್ತಿ ಇಲ್ಲ, ಹೆಡ್‌ಮಾಸ್ಟರ್‌ಗೆ ಟೈಮ್ ಇಲ್ಲ. ಇದೆಲ್ಲ ನಿಜ. ಆದರೆ ಇವೆಲ್ಲದರ ಬುಡದಲ್ಲಿ ಇರುವ ಸಮಸ್ಯೆ ಒಂದು: ನಮ್ಮಲ್ಲಿ ಸ್ಕೌಟಿಂಗ್ ಪೂರ್ತಿ ಶಾಲೆಯ ಮೇಷ್ಟ್ರು, ಮಿಸ್ಸುಗಳ ಹೆಗಲ ಮೇಲೆ ನಿಂತಿದೆ. ಈ ಬೆಲ್ಟ್‌ನಲ್ಲಿ ಆ ಹೆಗಲು ಎರಡು ಮೂರು ವರ್ಷ ಒಂದೇ ಕಡೆ ಇರೋದೇ ಅಪರೂಪ.

ಹಾಗಂತ ಸ್ಕೌಟಿಂಗ್ ಬೆಂಗಳೂರಿಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1907ರಲ್ಲಿ ಬೇಡನ್ ಪೊವೆಲ್ ಮೊದಲ ಶಿಬಿರ ಮಾಡಿದರು. ಎರಡೇ ವರ್ಷಕ್ಕೆ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ತಂಡ ಶುರುವಾಗಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಬೇರೆ ಸಂಘಟನೆಗಳು ಸೇರಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ನವೆಂಬರ್ ಬಂದಾಗ ಅಂಗಡಿ ಬಾಗಿಲಿಗೆ ಮಕ್ಕಳು ಧ್ವಜದ ಸ್ಟಿಕ್ಕರ್ ಹಿಡಿದುಕೊಂಡು ಬರೋದು ಆ ದಿನದ ನೆನಪಿಗೇ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಹೋದರು. ಅಂದರೆ ಮಕ್ಕಳಿದ್ದಾರೆ, ಆಸೆಯೂ ಇದೆ.

ಒಂದು ಘಟಕ ಹೇಗೆ ನಡೆಯುತ್ತೆ ಅಂತ ತಿಳಿದರೆ ಕಷ್ಟ ಎಲ್ಲಿದೆ ಅನ್ನೋದು ಗೊತ್ತಾಗುತ್ತೆ. 10 ವರ್ಷದೊಳಗಿನ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. 10 ದಾಟಿದರೆ ಸ್ಕೌಟ್, ಗೈಡ್. ಆರರಿಂದ ಎಂಟು ಮಕ್ಕಳ ಒಂದು ಪೆಟ್ರೋಲ್, ಅದಕ್ಕೊಬ್ಬ ಮಕ್ಕಳಲ್ಲೇ ಲೀಡರ್, ಇಂಥ ಮೂರ್ನಾಲ್ಕು ಪೆಟ್ರೋಲ್ ಸೇರಿದರೆ ಒಂದು ತಂಡ. ಪಾಠ ಬೋರ್ಡ್ ಮೇಲೆ ಇರಲ್ಲ, ಆಟ ಮತ್ತು ಕೆಲಸದಲ್ಲಿ ಇರುತ್ತೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಮೆಟ್ಟಿಲಿಗೂ ಇಷ್ಟು ತಿಂಗಳು ಅಂತ ಇದೆ. ರಾಜ್ಯ ಪುರಸ್ಕಾರದ ಪರೀಕ್ಷೆಗೆ ನಿಲ್ಲೋ ಹೊತ್ತಿಗೆ ಎರಡು ವರ್ಷಕ್ಕಿಂತ ಹೆಚ್ಚು ಕಳೆದಿರುತ್ತೆ. ಅಷ್ಟು ದಿನ ಮಗುವಿನ ಪ್ರಗತಿ ನೋಡಿ, ಪರೀಕ್ಷಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕೋದು ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್.

ಈಗ ಏಳನೇ ಕ್ಲಾಸಿನಲ್ಲಿ ಸೇರಿದ ಒಂದು ಮಗು ಲೆಕ್ಕ ಹಾಕಿ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ವರ್ಗಾವಣೆಯಾಗಿ ಹೋದರು. ಬಂದವರಿಗೆ ಸ್ಕೌಟ್ ತರಬೇತಿ ಆಗಿಲ್ಲ. ಒಂದು ವರ್ಷ ಘಟಕ ಹೆಸರಿಗೆ ಮಾತ್ರ ಇರುತ್ತೆ. ಒಂಬತ್ತರಲ್ಲಿ ಯಾರೋ ಪುನಃ ಶುರು ಮಾಡಿದರೂ ಹತ್ತಕ್ಕೆ ಎಸ್ಸೆಸ್ಸೆಲ್ಸಿ. ಟ್ಯೂಷನ್ನು, ಸ್ಪೆಷಲ್ ಕ್ಲಾಸು, ಪ್ರಿಪರೇಟರಿ. ಮಗು ಅರ್ಧ ದಾರಿಯಲ್ಲೇ ಸ್ಕಾರ್ಫ್ ಬಿಚ್ಚಿಡುತ್ತೆ. ಇದು ಮಗುವಿನ ಸೋಮಾರಿತನ ಅಲ್ಲ. ದೊಡ್ಡವರು ಬದಲಾಗುವ ವೇಗಕ್ಕೂ ಮಕ್ಕಳು ಬೆಳೆಯುವ ವೇಗಕ್ಕೂ ತಾಳೆಯೇ ಆಗುತ್ತಿಲ್ಲ.

ಮೇಷ್ಟ್ರ ಕಡೆಯಿಂದಲೂ ನೋಡಬೇಕು. ಸರ್ಕಾರಿ ಶಾಲೆಯಲ್ಲಿ ಕಾಯಂ ಶಿಕ್ಷಕರು ಕಡಿಮೆ ಇದ್ದಲ್ಲಿ ಅತಿಥಿ ಶಿಕ್ಷಕರು ತುಂಬುತ್ತಾರೆ. ಅವರದ್ದು ಆ ವರ್ಷದ ನೇಮಕ, ಮುಂದಿನ ಜೂನ್‌ಗೆ ಇದೇ ಶಾಲೆ ಅನ್ನೋ ಗ್ಯಾರಂಟಿ ಅವರಿಗೇ ಇಲ್ಲ. ಇನ್ನು ಶಾಲೆಯಿಂದಾಚೆಯ ಡ್ಯೂಟಿಗಳು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತು. ಮನೆ ಮನೆಗೆ ಹೋಗಿದ್ದು ಬಹುಪಾಲು ಶಿಕ್ಷಕರೇ. ಕೆಲಸ ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ದಸರಾ ರಜೆ ಅಂದರೆ ಸ್ಕೌಟ್ಸ್‌ಗೆ ಶಿಬಿರ ಮಾಡೋಕೆ ಸಿಗುವ ಒಳ್ಳೆ ಕಾಲ. ಮಕ್ಕಳಿಗೆ ಬಿಡುವಿತ್ತು, ಮೇಷ್ಟ್ರ ಕೈಯಲ್ಲಿ ಸಮೀಕ್ಷೆಯ ಮೊಬೈಲ್ ಇತ್ತು. 2026ರಲ್ಲಿ ಜನಗಣತಿಯ ಮನೆಪಟ್ಟಿ, 2027ರಲ್ಲಿ ಜನಗಣತಿ. ಅದಕ್ಕೂ ಶಿಕ್ಷಕರನ್ನೇ ಕರೀತಾರೆ, ಬೇರೆ ಯಾರನ್ನ ಕರೆಯೋದು?

ಖಾಸಗಿ ಶಾಲೆಗಳದ್ದು ಇನ್ನೊಂದು ಕಥೆ. ಘಟಕ ನಡೆಸಬೇಕಾದರೆ ಮೊದಲು ಏಳು ದಿನದ ಬೇಸಿಕ್ ಕೋರ್ಸ್, ಆಮೇಲೆ ಅಡ್ವಾನ್ಸ್ಡ್, ನಂತರ ಹಿಮಾಲಯ ವುಡ್ ಬ್ಯಾಡ್ಜ್. ರಾಜ್ಯ ಸಂಸ್ಥೆಯ ಡಾ. ಆನಿ ಬೆಸೆಂಟ್ ಪಾರ್ಕ್ ಶಿಬಿರ ಕೇಂದ್ರ ಇರೋದು ದೊಡ್ಡಬಳ್ಳಾಪುರದಲ್ಲಿ. ಅಲ್ಲೇ ಇದ್ದು, ಟೆಂಟ್ ಕಟ್ಟಿ, ಅಡುಗೆ ಮಾಡಿ ಕಲಿಯಬೇಕು. ಸರ್ಕಾರಿ ಶಿಕ್ಷಕರಿಗಾದರೆ ಓಓಡಿ ಕೇಳುವ ದಾರಿ ಇದೆ. ಖಾಸಗಿ ಶಾಲೆಯ ಮಿಸ್‌ಗೆ ವಾರ ಪೂರ್ತಿ ರಜೆ ಯಾರು ಕೊಡ್ತಾರೆ? ಕೊಟ್ಟರೂ ತರಬೇತಿ ಮುಗಿಸಿದ ಮಿಸ್ ಮುಂದಿನ ವರ್ಷ ಸ್ವಲ್ಪ ಜಾಸ್ತಿ ಸಂಬಳಕ್ಕೆ ಕುಂದಲಹಳ್ಳಿಯ ಇನ್ನೊಂದು ಶಾಲೆಗೆ ಹೋದರೆ ತಪ್ಪು ಅನ್ನೋಕಾಗಲ್ಲ. ಶಾಲೆಯವರ ಪಾಲಿಗೆ ಅದು ನಷ್ಟ, ಹೀಗಾಗಿ ಇನ್ನೊಬ್ಬರನ್ನು ಕಳಿಸೋಕೆ ಹಿಂದೆಮುಂದೆ ನೋಡ್ತಾರೆ.

ಹೊರಗೆ ಕರ್ಕೊಂಡು ಹೋಗೋ ಭಯ

ಇನ್ನೊಂದು ವಿಷಯವನ್ನು ಘಟಕ ನಡೆಸುವವರು ಸ್ವಲ್ಪ ದನಿ ತಗ್ಗಿಸಿಯೇ ಮಾತಾಡ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅದು ಸ್ಕೌಟ್ ಶಿಬಿರ ಅಲ್ಲ, ಶೈಕ್ಷಣಿಕ ಪ್ರವಾಸ. ಆದರೆ ಜೊತೆಗೆ ಹೋಗಿದ್ದ ಶಿಕ್ಷಕರ ಮೇಲೆ ಕೇಸಾಗಿದ್ದನ್ನು ರಾಜ್ಯದ ಎಲ್ಲ ಶಿಕ್ಷಕರೂ ನೋಡಿದರು. ಮುಳಬಾಗಿಲು ಇಲ್ಲಿಗೆ ದೂರವೇನಲ್ಲ, ಹೊಸಕೋಟೆ ದಾಟಿ ಅದೇ ಹೈವೇಯಲ್ಲಿ ಸಿಗುವ ಊರು. ಮಕ್ಕಳನ್ನು ಹೊರಗೆ ಕರೆದೊಯ್ಯುವ ಯಾವ ಶಿಕ್ಷಕರಿಗೂ ಅದು ಪರರ ಸುದ್ದಿಯಾಗಿ ಉಳಿದಿಲ್ಲ.

ಶಿಬಿರ, ಚಾರಣ ಇಲ್ಲದ ಸ್ಕೌಟಿಂಗ್ ಅಂದರೆ ನೀರಿಗಿಳಿಯದೆ ಈಜು ಕಲಿತ ಹಾಗೆ. ಆದರೂ ಪ್ರತಿ ಅನುಮತಿ ಪತ್ರದ ಹಿಂದೆ ಏನಾದರೂ ಆದರೆ ಹೊಣೆ ಯಾರು ಅನ್ನೋ ಪ್ರಶ್ನೆ ಇದ್ದೇ ಇದೆ. ಭಯಕ್ಕೆ ಉತ್ತರ ಮಕ್ಕಳನ್ನು ಗೇಟಿನೊಳಗೆ ಇಡೋದಲ್ಲ, ಜೊತೆಗೆ ಹೋಗುವ ದೊಡ್ಡವರ ಸಂಖ್ಯೆ ಹೆಚ್ಚಿಸೋದು. ಮೂವತ್ತು ಮಕ್ಕಳಿಗೆ ಒಬ್ಬರೇ ಮೇಷ್ಟ್ರು ಅಂದರೆ ಅದು ಧೈರ್ಯ ಅಲ್ಲ, ಹುಂಬತನ. ಹೆಣ್ಣುಮಕ್ಕಳ ಗೈಡ್ ತಂಡಕ್ಕಂತೂ ಮಹಿಳೆಯೇ ಕ್ಯಾಪ್ಟನ್ ಆಗಿರಬೇಕು. ಸಂಜೆ ಮನೆಗೆ ಓಡಿ ಅಡುಗೆ, ಮಕ್ಕಳ ಹೋಂವರ್ಕ್ ನೋಡಬೇಕಾದ ಮಿಸ್‌ಗೆ ರಾತ್ರಿ ತಂಗುವ ಶಿಬಿರಕ್ಕೆ ಬನ್ನಿ ಅನ್ನೋದು ಸುಲಭ. ಬರೋದು ಸುಲಭವಲ್ಲ. ಶಿಬಿರದ ವಿಷಯ ಬಂದಾಗ ಹುಡುಗಿಯರ ತಂಡವೇ ಮೊದಲು ಹಿಂದೆ ಬೀಳೋದು ಇದಕ್ಕೇ.

ಪೋಷಕರ ಪ್ರಶ್ನೆ ಬೇರೆ: ‘ಇದರಿಂದ ಏನು ಸಿಗುತ್ತೆ ಮಿಸ್?’ ಸಿಗೋದು ಇಲ್ಲ ಅಂತಲ್ಲ. ಸಿಇಟಿ ವಿಶೇಷ ಪ್ರವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ಇದೆ, ರೈಲ್ವೆ ನೇಮಕಾತಿಯಲ್ಲೂ ಸ್ಕೌಟ್ಸ್ ಕೋಟಾ ಇದೆ. ಆದರೆ ಸೀಟು, ಹುದ್ದೆ ಎರಡೂ ಬೆರಳೆಣಿಕೆ, ಮೇಲಿನ ಹಂತದ ಪುರಸ್ಕಾರ ಇದ್ದವರಿಗೆ ಮಾತ್ರ ಲಾಭ. ಅದನ್ನೇ ದೊಡ್ಡದು ಮಾಡಿ ಹೇಳಿ ಮಕ್ಕಳನ್ನ ಸೇರಿಸಿಕೊಂಡರೆ ಎರಡು ವರ್ಷಕ್ಕೆ ಪೋಷಕರ ಮುಂದೆ ಉತ್ತರ ಇರಲ್ಲ. ನಿಜವಾದ ಲಾಭ ಬೇರೆ ಕಡೆ ಇದೆ. ಒಡಿಶಾ, ಬಿಹಾರದಿಂದ ಕೆಲಸಕ್ಕೆ ಬಂದವರ ಮಗು, ಅಪಾರ್ಟ್‌ಮೆಂಟಿನ ಟೆಕ್ಕಿ ಮಗು, ಊರಿನ ಹಳೇ ಮನೆತನದ ಮಗು ಒಂದೇ ಹಗ್ಗ ಹಿಡಿದು ಒಂದೇ ಟೆಂಟ್ ಎತ್ತುವ ಜಾಗ ಈ ಭಾಗದಲ್ಲಿ ಬೇರೆ ಎಲ್ಲಿದೆ? ಶಾಲೆ ಬೇರೆ, ವ್ಯಾನ್ ಬೇರೆ, ಆಟದ ಜಾಗ ಬೇರೆ. ಒಂದು ತಂಡದಲ್ಲಿ ಕನ್ನಡ, ತೆಲುಗು, ಹಿಂದಿ, ತಮಿಳು ಎಲ್ಲ ಕೇಳಿಸುತ್ತೆ. ನಡೆಸುವವರಿಗೆ ಅದು ತಲೆನೋವು, ಮಕ್ಕಳಿಗೆ ಅಲ್ಲ. ಸೀಟಿ ಊದಿದರೆ ಎಲ್ಲರಿಗೂ ಅರ್ಥ ಆಗುತ್ತೆ.

ಶಾಲೆ ಗೇಟಿನಾಚೆ

ಮೇಷ್ಟ್ರಿಂದ ಆಗದಿದ್ದರೆ ಯಾರಿಂದ? ಸಂಸ್ಥೆಯ ನಿಯಮದಲ್ಲೇ ಮುಕ್ತ ಘಟಕಕ್ಕೆ ಅವಕಾಶ ಇದೆ. ಶಾಲೆಗೆ ಸೇರದ, ಬಡಾವಣೆ ಅಥವಾ ಸಂಘದವರು ನಡೆಸುವ ಘಟಕ ಅದು. ಮೇಷ್ಟ್ರು ವರ್ಗಾವಣೆ ಆದರೂ ಬಡಾವಣೆ ವರ್ಗಾವಣೆ ಆಗಲ್ಲ. ಇಂಗ್ಲೆಂಡಿನಲ್ಲಿ ಸ್ಕೌಟಿಂಗ್ ನಡೆಯೋದು ಬಹುತೇಕ ಹೀಗೇ, ಊರಿನ ತಂದೆತಾಯಂದಿರು ವಾರದ ಸಂಜೆ ಸಮಯ ಕೊಟ್ಟು. ಅಲ್ಲೂ ಸಮಸ್ಯೆ ಇಲ್ಲದಿಲ್ಲ. ದೊಡ್ಡವರು ಸಾಲದೆ ಹತ್ತಾರು ಸಾವಿರ ಮಕ್ಕಳು ವೇಟಿಂಗ್ ಲಿಸ್ಟ್‌ನಲ್ಲಿದ್ದಾರೆ. ಆದರೆ ಒಬ್ಬರು ಬಿಟ್ಟರೆ ಇಡೀ ತಂಡ ಮುಚ್ಚುವ ಸಾಧ್ಯತೆ ಅಲ್ಲಿ ಕಡಿಮೆ.

ಇಲ್ಲಿ ಯಾರಿದ್ದಾರೆ ಅಂತ ನೋಡಿದರೆ ಪಟ್ಟಿ ಸಣ್ಣದೇನಲ್ಲ. ಎಚ್‌ಎಎಲ್, ದೂರವಾಣಿನಗರದ ಐಟಿಐ ಕಾರ್ಖಾನೆಗಳಿಂದ ನಿವೃತ್ತರಾದವರು ಈ ಭಾಗದಲ್ಲಿ ಬೇಕಾದಷ್ಟು ಇದ್ದಾರೆ. ಶಿಸ್ತು ಗೊತ್ತು, ಕೈಕೆಲಸ ಗೊತ್ತು, ಹೊತ್ತೂ ಇದೆ. 25 ವರ್ಷದವರೆಗೂ ರೋವರ್, ರೇಂಜರ್ ಆಗಿ ಇರಬಹುದು, ಹಾಗಾಗಿ ಶಾಲೆಯಲ್ಲಿ ಸ್ಕೌಟ್ ಆಗಿದ್ದು ಈಗ ಡಿಪ್ಲೊಮಾ, ಡಿಗ್ರಿ ಓದುತ್ತಿರುವವರನ್ನ ಸಹಾಯಕ್ಕೆ ಕರೀಬಹುದು. ಅವರಲ್ಲಿ ಎಷ್ಟೋ ಜನ ಶನಿವಾರ, ಭಾನುವಾರ ಬೈಕ್ ಮೇಲೆ ಡೆಲಿವರಿಗೆ ಹೋಗ್ತಾರೆ ಅನ್ನೋದು ಬೇರೆ ಮಾತು. ಪೆಟ್ರೋಲ್ ಖರ್ಚಾದರೂ ಯಾರಾದರೂ ನೋಡಿಕೊಂಡರೆ ತಿಂಗಳಿಗೆ ಎರಡು ಭಾನುವಾರ ಬಂದಾರು.

ಐಟಿ ಕಂಪನಿಗಳು? ಸಿಎಸ್‌ಆರ್‌ಗೆ ಲಾಭದ ಶೇ. 2 ಖರ್ಚು ಮಾಡಲೇಬೇಕು ಅನ್ನೋ ಕಾನೂನು ದೊಡ್ಡ ಕಂಪನಿಗಳಿಗಿದೆ. ಟೆಂಟ್, ಹಗ್ಗ, ಯೂನಿಫಾರಂಗೆ ಆ ದುಡ್ಡು ಕೇಳಬಹುದು, ಕೇಳಲೇಬೇಕು. ಆದರೆ ಒಂದು ದಿನ ಟೀ ಶರ್ಟ್ ಹಾಕ್ಕೊಂಡು ಬಂದು ಗಿಡ ನೆಟ್ಟು ಸೆಲ್ಫಿ ತಗೊಂಡು ಹೋಗೋ ವಾಲಂಟಿಯರ್‌ನಿಂದ ಘಟಕ ನಡೆಯಲ್ಲ. ಮಕ್ಕಳಿಗೆ ಬೇಕಿರೋದು ವರ್ಷ ಪೂರ್ತಿ ಅದೇ ಮುಖ.

ವ್ಯಾಪಾರಸ್ಥರನ್ನು ಲೀಡರ್ ಆಗಿ ಅನ್ನೋದು ತಮಾಷೆಯಾದೀತು. ಶನಿವಾರ ಸಂಜೆ ಅಂಗಡಿ ಬಿಟ್ಟು ಯಾರು ಬರ್ತಾರೆ, ವಾರದ ವ್ಯಾಪಾರ ಇರೋದೇ ಆವತ್ತು. ಆದರೆ ಘಟಕದ ಬೆನ್ನಿಗೆ ನಿಲ್ಲೋ ಒಂದು ಸಮಿತಿ ಬೇಕು. ಲೆಕ್ಕ ನೋಡೋರು, ಶಿಬಿರಕ್ಕೆ ಅಕ್ಕಿ ಬೇಳೆ ಕೊಡೋರು, ಟೆಂಪೊ ಮಾತಾಡೋರು. ಈ ಕೆಲಸ ಅಂಗಡಿಯವರಷ್ಟು ಚೆನ್ನಾಗಿ ಮೇಷ್ಟ್ರಿಗೆ ಬರಲ್ಲ. ಸ್ಕೌಟಿಂಗ್‌ನಲ್ಲಿ ‘ಖರಿ ಕಮಾಯಿ’ ಅಂತ ಒಂದಿದೆ, ಮಕ್ಕಳು ಸ್ವಂತ ದುಡಿಮೆಯಿಂದ ಘಟಕಕ್ಕೆ ಹಣ ಕೂಡಿಸೋದು. ಹಾಗಂತ ಮಕ್ಕಳನ್ನ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಿಸೋಕೆ ಹೋಗಬೇಡಿ, ಬಾಲಕಾರ್ಮಿಕ ಕಾಯ್ದೆ ಇದೆ. ದೀಪಾವಳಿಗೆ ಮಕ್ಕಳೇ ಬಣ್ಣ ಹಚ್ಚಿದ ಹಣತೆ ಅಂಗಡಿ ಮುಂದೆ ಇಟ್ಟು ಮಾರೋಕೆ ಎರಡಡಿ ಜಾಗ ಕೊಟ್ಟರೂ ಆಯಿತು.

ಉಳಿದಿದ್ದು ಜಾಗ. ರಿಂಗ್ ರೋಡಿನ ಉದ್ದಕ್ಕೂ ಮೆಟ್ರೊ ಕಾಮಗಾರಿ, ಒಳಗೆ ಖಾಲಿ ಸೈಟೇ ಇಲ್ಲ. ಹಿಂದೆ ಆಗಿದ್ದರೆ ಕಾರ್ಪೊರೇಟರ್ ಮನೆ ಮುಂದೆ ನಿಂತು ಸಮುದಾಯ ಭವನದ ಕೀ ಕೇಳಬಹುದಿತ್ತು. ಬಿಬಿಎಂಪಿ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ಚುನಾವಣೆಯೇ ಆಗದೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಈ ಭಾಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಬಂತು. ಅಷ್ಟೂ ವರ್ಷ ಕೀ ಇದ್ದಿದ್ದು ಅಧಿಕಾರಿಗಳ ಹತ್ತಿರ, ಅಧಿಕಾರಿಗಳಿಗೂ ವರ್ಗಾವಣೆ. ಹೀಗಾಗಿ ಹತ್ತಿರದ ದಾರಿ ಅಂದರೆ ಸರ್ಕಾರಿ ಶಾಲೆಯ ಮೈದಾನವೇ. ಶನಿವಾರ ಶಾಲೆ ಬೆಳಿಗ್ಗೆಗೇ ಮುಗಿಯುತ್ತೆ, ಮಧ್ಯಾಹ್ನ ಮೈದಾನ ಖಾಲಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಒಪ್ಪಿದರೆ ಅಲ್ಲೇ ಮುಕ್ತ ಘಟಕ ನಡೆಸಬಹುದು. ಎಸ್‌ಡಿಎಂಸಿಯಲ್ಲಿ ಇರೋರು ಇದೇ ಊರಿನ ಪೋಷಕರು, ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ಹುಡುಕಬೇಕಿಲ್ಲ.

ಆದರೆ ಕ್ಯಾಲೆಂಡರ್ ನೋಡಿಕೊಂಡು ಹೊರಡಬೇಕು. ಹೊಸ ಘಟಕ ಜೂನ್‌ನಲ್ಲಿ ಶಾಲೆ ತೆರೆಯುವಾಗ ಶುರುವಾದರೇ ನಿಲ್ಲೋದು. ಅಷ್ಟರೊಳಗೆ ಕನಿಷ್ಠ ಇಬ್ಬರು ದೊಡ್ಡವರು, ಹುಡುಗಿಯರ ತಂಡವೂ ಬೇಕಿದ್ದರೆ ಅದರಲ್ಲಿ ಮಹಿಳೆಯೂ ಇದ್ದು, ಬೇಸಿಕ್ ಕೋರ್ಸ್ ಮುಗಿಸಿರಬೇಕು. ಶಿಕ್ಷಕರು ಜನಗಣತಿಯ ಕೆಲಸಕ್ಕೆ ಹೋಗುವ ವರ್ಷದಲ್ಲಿ ಆ ಇಬ್ಬರು ಶಾಲೆಯ ಹೊರಗಿನವರಾದರೇ ಒಳ್ಳೆಯದು. ಕೋರ್ಸ್ ಯಾವಾಗ, ನೋಂದಣಿ ಹೇಗೆ ಅನ್ನೋ ಮಾಹಿತಿ ಸ್ಕೌಟ್ಸ್ ಮತ್ತು ಗೈಡ್ಸ್ ಜಿಲ್ಲಾ ಸಂಸ್ಥೆಯಲ್ಲಿ ಅಥವಾ ಅರಮನೆ ರಸ್ತೆಯ ಶಾಂತಗೃಹದಲ್ಲಿರುವ ರಾಜ್ಯ ಕಚೇರಿಯಲ್ಲಿ ಸಿಗುತ್ತದೆ.