ಪ್ಯಾನ್ ಇಂಡಿಯಾ ಅಬ್ಬರ: ಪುಣೆಯ ವಾಕಡದ ಕನ್ನಡಿಗರಿಗೆ ಕನ್ನಡದ ಶೋ ಸಿಗುತ್ತಾ?

ಪುಣೆ: ಹಿಂಜವಡಿ ಐಟಿ ಪಾರ್ಕ್ ಪಕ್ಕದ ವಾಕಡದಲ್ಲಿ ಕನ್ನಡ ಮಾತನಾಡುವ ಟೆಕ್ಕಿಗಳು ಹೊಸಬರೇನಲ್ಲ. ಆದರೆ ಅವರು ಕನ್ನಡ ಸಿನಿಮಾವನ್ನು ಕನ್ನಡದಲ್ಲೇ ನೋಡಬಹುದೇ ಎಂಬುದು ಬಿಡುಗಡೆಯ ಲೆಕ್ಕಾಚಾರಕ್ಕೆ ಬಿಟ್ಟದ್ದು.

ಹೊಂಬಾಳೆ ಫಿಲ್ಮ್ಸ್ ಎರಡೂ ದಾರಿ ತುಳಿದಿದೆ. 2018ರ ಡಿಸೆಂಬರ್ 21ರಂದು 'ಕೆಜಿಎಫ್ ಚಾಪ್ಟರ್ 1' ಐದು ಭಾಷೆಗಳಲ್ಲಿ ತೆರೆಕಂಡಿತು. ಇಲ್ಲಿ ಪ್ರಚಾರ ಮೊದಲು, ಪ್ರೇಕ್ಷಕ ಆಮೇಲೆ. 'ಕಾಂತಾರ'ದ್ದು ಉಲ್ಟಾ ಕಥೆ. 2022ರ ಸೆಪ್ಟೆಂಬರ್ 30ರಂದು ಬಂದಿದ್ದು ಕನ್ನಡದಲ್ಲಿ ಮಾತ್ರ. ನೋಡಿದವರ ಬಾಯಿಮಾತೇ ಪ್ರಚಾರವಾಯಿತು. ಹಿಂದಿ ಅವತರಣಿಕೆ ಬಂದಿದ್ದು ಎರಡು ವಾರದ ನಂತರ, ಅಕ್ಟೋಬರ್ 14ಕ್ಕೆ.

ಆ ಎರಡು ವಾರವೇ ಮುಖ್ಯ. ಹಿಂದಿ ಪ್ರಿಂಟ್ ಇಲ್ಲದಿದ್ದಾಗ ಹೊರರಾಜ್ಯದ ಮಲ್ಟಿಪ್ಲೆಕ್ಸ್‌ಗೆ ಇರುವುದು ಕನ್ನಡದ ಶೋ ಒಂದೇ. ಹೊರನಾಡ ಕನ್ನಡಿಗರೇ ಸಿನಿಮಾದ ಮೊದಲ ರಾಯಭಾರಿಗಳು. ಎಲ್ಲ ಭಾಷೆಗಳೂ ಒಂದೇ ದಿನ ಬಂದರೆ, ಹೆಚ್ಚು ಟಿಕೆಟ್ ಮಾರುವ ಹಿಂದಿಗೇ ಥಿಯೇಟರ್‌ನವರು ಮಣೆ ಹಾಕುವುದು ಸಹಜ. 2025ರ ಅಕ್ಟೋಬರ್ 2ರಂದು 'ಕಾಂತಾರ ಚಾಪ್ಟರ್ 1' ಹಿಡಿದಿದ್ದು ಇದೇ ಬಹುಭಾಷಾ ದಾರಿ.

ನಿರ್ಮಾಪಕರದ್ದು ತಪ್ಪೆನ್ನಲಾಗದು. ದೊಡ್ಡ ಬಂಡವಾಳ ಹಾಕಿದವರು ಬಾಯಿಮಾತು ನಂಬಿ ಕಾಯಲಾರರು, ಪೈರಸಿಯ ಭಯವೂ ಇದೆ. ಆದರೆ ವಾಕಡದ ಕನ್ನಡಿಗ ಹಿಂದಿ ಶೋಗೆ ಹೋದರೆ, ಆ ಟಿಕೆಟ್ ಹಿಂದಿಯ ಗಳಿಕೆಗೇ ಸೇರುತ್ತದೆ. 'ಅಲ್ಲಿ ಕನ್ನಡಕ್ಕೆ ಬೇಡಿಕೆ ಇಲ್ಲ' ಎಂಬ ವಾದಕ್ಕೆ ಅದೇ ಸಾಕ್ಷಿಯಾಗುತ್ತದೆ. ಮುಂದಿನ ಸಿನಿಮಾಕ್ಕೆ ಶೋ ಇನ್ನೂ ಕಡಿಮೆ!

ಗಳಿಕೆಯ ಅಂಕಿ ಎಷ್ಟು ಟಿಕೆಟ್ ಮಾರಾಟವಾಯಿತು ಎಂದಷ್ಟೇ ಹೇಳುತ್ತದೆ. ಸಿಗದ ಕನ್ನಡ ಶೋಗಾಗಿ ಎಷ್ಟು ಜನ ಹುಡುಕಿದರು ಎಂಬುದು ಅದರಲ್ಲಿಲ್ಲ.